ನೀಲಿ ಶಾಯಿಯ ವರ್ಗ

ನಮ್ಮ ಶಾಲೆಯ ಕೊನೆಯ ಎರಡು ವರ್ಗಗಳ ವೇಳಾಪಟ್ಟಿಯನ್ನು ಹೆಡ್ ಮಾಸ್ತರರಾದ ಇಟಗಿ ಸರ್ ತಾವೇ ಬರೆದು ಆಫೀಸಿನ ಹೊರಗೋಡೆಗೆ ಅಂಟಿಸುತ್ತಿದ್ದರು. ಮೊದಲನೆಯದಕ್ಕೆ ಕೆಂಪು ಶಾಯಿ, ಎರಡನೆಯದಕ್ಕೆ ನೀಲಿ. ಕೆಂಪಿನಲ್ಲಿ ಬಾಯಿಪಾಠ, ಚರ್ಚೆ, ಇತಿಹಾಸ, ಎರಡು ಭಾಷೆ, ಜೊತೆಗೆ ಶುಕ್ರವಾರ ಸಂತೆಗೆ ಹೋಗಿ ಚೌಕಾಸಿ ಮಾಡಿ ಬರುವ ಒಂದು ತಾಸು. ನೀಲಿಯಲ್ಲಿ ರೇಖಾಗಣಿತ, ರಸಾಯನಶಾಸ್ತ್ರ, ಹೊಲಿಗೆ, ಚಿತ್ರ, ಕುಂಬಾರರ ಆವಿಗೆಯ ಹತ್ತಿರ ಕೂತು ಮಡಕೆ ಬಡಿದು ಬಿರುಕು ಕೇಳುವುದು, ಮಂಗಳವಾರ ಮಧ್ಯಾಹ್ನ ಕೇಳುವ ತಾಸು. ಬಾಯಿ ಬೇಕಾದುದೆಲ್ಲ ಮೊದಲು, ಬೇಡದ್ದೆಲ್ಲ ಆಮೇಲೆ. ಹದಿನೇಳು ನಡೆಯುವಾಗ, ಶ್ರಾವಣ ಹಿಡಿದು ದೀಪಾವಳಿಯೊಳಗೆ ಯಾವುದೋ ಒಂದು ದಿನ ನಮ್ಮೂರ ಮಕ್ಕಳ ದನಿ ಹೋಗುತ್ತದೆ. ಯುಗಾದಿಯ ಆಸುಪಾಸು ತಿರುಗಿ ಬರುತ್ತದೆ. ದನಿ ಹೋದ ಮರುದಿನ ಪಾಟಿಚೀಲ ಹೆಗಲಿಗೇರಿಸಿ ಅಂಗಳ ದಾಟಿ ಆಚೆಯ ಕಟ್ಟಡಕ್ಕೆ ಹೋಗಬೇಕು. ಅದು ನೀಲಿ ವರ್ಗ. ಆ ಕಡೆ ಗಂಟೆ ಹೊಡೆಯುತ್ತಿರಲಿಲ್ಲ. ತಾಸು ಮುಗಿದರೆ ಜವಾನ ಒಂದು ಒದ್ದೆ ಬಟ್ಟೆಯನ್ನು ಕಿಟಕಿಗೆ ನೇತುಹಾಕುತ್ತಿದ್ದ.

ಮೆಹರುವಿನ ದನಿ ಹೋದದ್ದು ನನ್ನ ಕಣ್ಣೆದುರಿಗೇ. ಒಂದನೇ ಇಯತ್ತೆಯಿಂದ ನಾವಿಬ್ಬರೂ ಒಂದೇ ಬೆಂಚಿನವರು. ಅವಳು ಜಗಳಗಂಟಿ, ನಾನು ಅವಳ ಜಗಳಗಳ ಕಾಯಂ ಗಿರಾಕಿ. ಆ ದಿನ ಅವಳ ಕೈವಾರದ ಪೆಟ್ಟಿಗೆಯ ವಿಷಯ. ನಾನು ಕಡ ತಂದು ಹದಿನೈದು ದಿನವಾಗಿತ್ತು. ನಳದ ಹತ್ತಿರ ನನ್ನ ಜಡೆ ಹಿಡಿದು ನಿಲ್ಲಿಸಿದಳು.

"ಏ ದಾಕ್ಷಿ, ಮಳ್ಳರಂಗ ಎಲ್ಲಿ ಓಡ್ತಿ? ನನ್ನ ಕೈವಾರದ ಪೆಟ್ಟಿಗಿ ಒಯ್ದಾಕಿ, ಅದನ್ನ ತಿರುಗಿ..."

ಅಷ್ಟೇ. ತುಟಿ ಆಡುತ್ತಿತ್ತು, ಮಾತು ಇರಲಿಲ್ಲ. ಅವಳು ಒಂದು ಕ್ಷಣ ಬೆರಗಾಗಿ ನಿಂತು, ಆಮೇಲೆ ಬಾಯಿ ಅಗಲಿಸಿ ನಗತೊಡಗಿದಳು. ಸದ್ದಿಲ್ಲದ ನಗೆ. ಜಡೆ ಮಾತ್ರ ಬಿಡಲಿಲ್ಲ. ಮರುದಿನ ಇಟಗಿ ಸರ್ ಅವಳ ಮಣಿಕಟ್ಟಿಗೆ ನೀಲಿ ದಾರದಲ್ಲಿ ಒಂದೇ ಒಂದು ಗೆಜ್ಜೆ ಕಟ್ಟಿದರು. ದನಿ ಹೋದವರ ಗುರುತು ಅದು. ರಸ್ತೆಯಲ್ಲಿ ಸೈಕಲ್ಲಿನವರು ಆ ಸದ್ದಿಗೆ ದಾರಿ ಬಿಡುತ್ತಿದ್ದರು, ಅಂಗಡಿಯವರು ತಾವೇ ಎದ್ದು ಬಂದು ಏನು ಬೇಕು ಅನ್ನುತ್ತಿದ್ದರು. ಅವಳು ಗೆಜ್ಜೆ ಆಡಿಸುತ್ತ ಅಂಗಳ ದಾಟಿದಳು. ತಿರುಗಿ ನೋಡಿ ನನಗೆ ಬಾ ಎಂದು ಕೈಮಾಡಿದಳು. ನಾಳೆಯೋ ನಾಡಿದ್ದೋ ಹೋಗುವವಳೇ ಎಂಬಂತೆ ನಾನೂ ಕೈ ಬೀಸಿದೆ.

ದಸರಾ ಕಳೆಯಿತು. ಕೆಂಪು ವರ್ಗದ ಬೆಂಚುಗಳು ಒಂದೊಂದಾಗಿ ಖಾಲಿಯಾದವು. ಕೊನೆಗೆ ನಾಲ್ಕು ಜನ, ಆಮೇಲೆ ಇಬ್ಬರು, ಆಮೇಲೆ ನಾನು. ಚರ್ಚೆಯ ತಾಸಿನಲ್ಲಿ ಪರವಾಗಿಯೂ ನಾನೇ, ವಿರೋಧವಾಗಿಯೂ ನಾನೇ. ಮನೆಯಲ್ಲಿ ದಿನಾ ಬೆಳಿಗ್ಗೆ ನಾನು ಏಳುವುದನ್ನೇ ಕಾಯುತ್ತಿದ್ದರು. ಅಪ್ಪನದು ಹಿಟ್ಟಿನ ಗಿರಣಿ. ಗಿರಣಿಯ ಸದ್ದಿನ ಮೇಲೆ ಮಾತಾಡಿ ಮಾತಾಡಿ ನಮ್ಮ ಮನೆಯವರೆಲ್ಲ ಗುಟ್ಟು ಹೇಳಿದರೂ ಬೀದಿಗೆ ಕೇಳುತ್ತಿತ್ತು.

"ಏನವಾ, ಎದ್ದೇನು?" ಅಪ್ಪ ಕೇಳುತ್ತಿದ್ದ.

"ಹ್ಞೂ, ಎದ್ದೀನಿ" ಅನ್ನುವಷ್ಟರಲ್ಲಿ ಅವನ ಮುಖ ಇಳಿಯುತ್ತಿತ್ತು. "ಇರ್ಲಿ ಬಿಡು. ನಮ್ಮ ಮನಿತನದ ಗಂಟಲಂದ್ರ ಗಿರಣಿ ಪಟ್ಟಾ ಇದ್ದಂಗ. ಕಳಚೂದು ತಡ."

"ಪಟ್ಟಾನೂ ಅಲ್ಲ, ಗಿಟ್ಟಾನೂ ಅಲ್ಲ" ಅವ್ವ ಒಲೆಯ ಮುಂದಿನಿಂದಲೇ ಚುಚ್ಚುತ್ತಿದ್ದಳು. "ಕೂಸಿದ್ದಾಗ ಲಗೂ ಮಾತು ಬರ್ಲಿ ಅಂತ ನಿಮ್ಮವ್ವ ಬಜಿ ಬೇರು ಹದಾ ಮೀರಿ ತೇದು ನೆಕ್ಕಿಸಿದ್ಲು. ಈಗ ಮಾತು ಹೋಗು ಅಂದ್ರ ಹೆಂಗ ಹೋದೀತು?"

ನಗುತ್ತಿದ್ದರು. ನಗೆಯ ಅಡಿಯಲ್ಲಿ ಏನಿದೆಯೆಂದು ಮೂವರಿಗೂ ಗೊತ್ತಿತ್ತು. ದೀಪಾವಳಿಯೊಳಗೆ ದನಿ ಹೋಗದಿದ್ದರೆ ಚಿಕ್ಕವರ ಜೊತೆ ಮತ್ತೊಂದು ವರ್ಷ ಕೆಂಪು ವರ್ಗ. ಆಗಲೂ ಹೋಗದಿದ್ದರೆ ಪ್ರಮಾಣಪತ್ರವಿಲ್ಲ. ಅದಿಲ್ಲದೆ ಹೊಳೆಯಾಚೆಯ ಕಾಲೇಜಿನವರು ಒಳಗೆ ಬಿಡುತ್ತಿರಲಿಲ್ಲ. ಹಾಗೆ ಉಳಿದವರು ನಮ್ಮೂರಲ್ಲಿ ಒಬ್ಬರೇ ಇದ್ದರು. ಉಳ್ಳಾಗಡ್ಡಿ ಲಿಲಾವಿನಲ್ಲಿ, ಹರಾಜಿನ ಕಟ್ಟೆಯ ಮೇಲೆ ನಿಂತು ದರ ಕೂಗುವ ಸಿದ್ರಾಮಣ್ಣ. ನಲವತ್ತು ದಾಟಿದ್ದರೂ ಜನ ಅವರನ್ನು 'ಉಳಿದ ಸಿದ್ರಾಮ' ಅಂತಲೇ ಕರೆಯುತ್ತಿದ್ದರು, ಅವರು ಓ ಅಂತಲೇ ಓಗೊಡುತ್ತಿದ್ದರು. ನನಗೆ ಕಾಲೇಜು ಬೇಕಿತ್ತು. ಅದಕ್ಕಿಂತ ಹೆಚ್ಚಾಗಿ ಅಂಗಳದ ಆಚೆ ಹೋಗಬೇಕಿತ್ತು. ಊಟದ ಬಿಡುವಿನಲ್ಲಿ ನೀಲಿ ವರ್ಗದವರೆಲ್ಲ ಬೇವಿನ ಕೆಳಗೆ ಕೂತಿರುತ್ತಿದ್ದರು. ಒಬ್ಬರೂ ಮಾತಾಡುತ್ತಿರಲಿಲ್ಲ, ಆದರೂ ಯಾವುದೋ ಒಂದು ಮಾತು ಅವರ ನಡುವೆ ನಡೆದೇ ಇದೆ ಅನ್ನಿಸುತ್ತಿತ್ತು. ಈಚೆ ನಿಂತು ನಾನು ಮಾತಾಡುತ್ತಲೇ ಇದ್ದೆ, ಗೋಡೆಯ ಜೊತೆ.

ದೀಪಾವಳಿಗೆ ಎರಡು ದಿನವಿತ್ತು. ಚರ್ಚೆಯ ತಾಸು, ಖಡ್ಗ ಮೇಲೋ ಲೇಖನಿ ಮೇಲೋ. ಮೊದಲು ಖಡ್ಗದ ಪರ. ಎದ್ದು ನಿಂತು, "ಗೌರವಾನ್ವಿತ" ಎಂದು ಶುರುಮಾಡಬೇಕಿತ್ತು. "ಗೌ" ಅಂದೆ. ಅಲ್ಲಿಗೇ ನಿಲ್ಲಿಸಿಬಿಟ್ಟೆ. ಮೊದಲೇ ಎಣಿಸಿದ್ದಲ್ಲ. ನಿಂತಿತು, ನಿಂತದ್ದನ್ನು ನಾನು ಮುಂದುವರಿಸಲಿಲ್ಲ. ಇಟಗಿ ಸರ್ ಪುಸ್ತಕದಿಂದ ತಲೆಯೆತ್ತಿ ನೋಡಿದರು. ಅವರ ಮುಖ ಅರಳಿತು. ದಡಬಡಿಸಿ ಮೇಜಿನ ಖಾನೆಯಿಂದ ಗೆಜ್ಜೆ ತೆಗೆದರು. ಯಾರೂ ಪರೀಕ್ಷೆ ಮಾಡಲಿಲ್ಲ. ದನಿ ಹೋಗಿದೆಯೆಂದು ಸುಳ್ಳು ಹೇಳಬಹುದು ಅನ್ನುವುದು ನಮ್ಮೂರಿನಲ್ಲಿ ಯಾರಿಗೂ ಹೊಳೆದೇ ಇರಲಿಲ್ಲ. ಅಪ್ಪ ಆ ಸಂಜೆ ಗಿರಣಿಗೆ ಬಂದವರಿಗೆಲ್ಲ ಬೆಲ್ಲ ಹಂಚಿದ, ನನ್ನನ್ನು ಮುಂದೆ ನಿಲ್ಲಿಸಿಕೊಂಡು, "ನೋಡ್ರಿ, ಪಟ್ಟಾ ಕಳಚಿತು!" ಎಂದು ಊರಿಗೆಲ್ಲ ಕೇಳುವಂತೆ ಸಾರಿದ.

ಮೆಹರು ನನ್ನನ್ನು ಅಂಗಳದ ನಡುವೆಯೇ ಬಂದು ಅಪ್ಪಿಕೊಂಡಳು. ಪಾಟಿಯ ಮೇಲೆ ಬರೆದಳು: 'ಈಗ ನಾ ಒಬ್ಬಾಕಿ ಅಲ್ಲ.'

ನೀಲಿ ವರ್ಗವನ್ನು ನೋಡಿಕೊಳ್ಳುವವರು ಇಂದುಮತಿ ಅಕ್ಕೋರು. ಅವರೂ ಆ ಕಟ್ಟಡದೊಳಗೆ ಮಾತಾಡುತ್ತಿರಲಿಲ್ಲ. ಏನಿದ್ದರೂ ಹಲಗೆಯ ಮೇಲೆ, ಗುಂಡಗಿನ ಅಕ್ಷರದಲ್ಲಿ. ನನಗೆ ಮೊದಲ ವಾರ ಹುಚ್ಚು ಹಿಡಿಯುವುದೊಂದು ಬಾಕಿ. ಆಮೇಲೆ ಮೆಲ್ಲಗೆ ಕಿವಿ ತೆರೆಯಿತು. ಮಡಕೆ ಬಡಿದರೆ ಒಳ್ಳೆಯದು ಎಷ್ಟು ಹೊತ್ತು ಮೊಳಗುತ್ತದೆ, ಬಿರುಕು ಬಿಟ್ಟದ್ದು ಎಲ್ಲಿ ನುಂಗಿಕೊಳ್ಳುತ್ತದೆ ಎಂದು ತಿಳಿಯಿತು. ಸುಣ್ಣದ ತಿಳಿನೀರಿಗೆ ಉಸಿರು ಊದಿದರೆ ಅದು ಹಾಲಾಗುವುದನ್ನು ಯಾರೂ ವಿವರಿಸದೆ ನೋಡಿದೆ. ಮೊದಲಿನ ಮಾತಿನ ಭರದಲ್ಲಿ ನಾನು ಏನನ್ನೂ ಕೊನೆಯತನಕ ನೋಡಿದವಳೇ ಅಲ್ಲ.

ಆದರೆ ಉಳಿದವರಿಗೆ ಮೌನ ಬಂದದ್ದು, ನನಗೆ ಅದು ದಿನಾ ಮಾಡಬೇಕಾದ ಕೆಲಸ. ಅವ್ವ ಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಕೆಮ್ಮು ಹಿಡಿದುಕೊಂಡು ಹಿತ್ತಿಲಿಗೆ ಓಡುತ್ತಿದ್ದೆ. ದನಿ ಹೋದವರ ಕೆಮ್ಮು ಬರೀ ಗಾಳಿ. ನನ್ನದು ಗಿರಣಿ ಮನೆಯ ಕೆಮ್ಮು. ಒಂದು ದಿನ ಹೊಲಿಗೆಯ ತಾಸಿನಲ್ಲಿ ಸೂಜಿ ಉಗುರಿನ ಸಂದಿಗೆ ಹೊಕ್ಕಿತು. ಹಲ್ಲು ಕಚ್ಚಿ ತುಟಿ ಬಿಗಿದು ತಡೆದೆ. ಕಣ್ಣಲ್ಲಿ ನೀರು ಬಂತು, ಸದ್ದು ಬರಲಿಲ್ಲ. ಗೆದ್ದೆ ಅಂದುಕೊಂಡು ತಲೆಯೆತ್ತಿದರೆ ಇಂದುಮತಿ ಅಕ್ಕೋರು ನನ್ನನ್ನೇ ನೋಡುತ್ತಿದ್ದರು. ಬಹಳ ಹೊತ್ತು ನೋಡಿ, ತಮ್ಮ ಕೈಯಲ್ಲಿದ್ದ ಕುಪ್ಪಸದ ಅಂಚಿಗೆ ಮರಳಿದರು.

ಮಂಗಳವಾರದ ಕೇಳುವ ತಾಸು ಇನ್ನೂ ಕಷ್ಟದ್ದು. ಪಡಸಾಲೆಯಲ್ಲಿ ನಮ್ಮನ್ನು ದೂರದೂರ ಕೂಡಿಸಿ ಎದುರಿಗೆ ಒಂದೊಂದು ಮಣೆ ಹಾಕುತ್ತಿದ್ದರು. ಊರಿನವರು ಬಂದು, ಬೇರೆ ಯಾರಿಗೂ ಹೇಳಲಾಗದ್ದನ್ನು ನಮ್ಮ ಮುಂದೆ ಹೇಳಿ ಎದ್ದು ಹೋಗುತ್ತಿದ್ದರು. ತಲೆಯಾಡಿಸುವಂತಿಲ್ಲ, ಹುಬ್ಬು ಏರಿಸುವಂತಿಲ್ಲ, ದನಿ ಬಂದ ಮೇಲೂ ಎಲ್ಲಿಯೂ ಎತ್ತುವಂತಿಲ್ಲ. ಇಡೀ ಶಾಲೆಯಲ್ಲಿ ಎಲ್ಲಕ್ಕಿಂತ ಹಳೆಯ ಪಾಠ ಅದಂತೆ. ಇಲ್ಲಿ ಹೇಳುತ್ತಿರುವುದು, ಹೇಳು ಎಂದು ಆಮೇಲೆ ಅವರೇ ಒಪ್ಪಿದ್ದಷ್ಟನ್ನೇ. ದರ್ಜಿ ಹುಚ್ಚೇಸಾಬರು ನನ್ನ ಮುಂದೆ ಕೂತು, ಇಪ್ಪತ್ತು ವರ್ಷದಿಂದ ಹೆಂಡತಿ ಮಾಡುವ ಬದನೆಕಾಯಿ ಎಣಗಾಯಿ ತಮಗೆ ಒಂಚೂರೂ ಸೇರುವುದಿಲ್ಲ, ಆದರೆ ಮದುವೆಯಾದ ಹೊಸತರಲ್ಲಿ ಒಮ್ಮೆ ಹೊಗಳಿಬಿಟ್ಟಿದ್ದರಿಂದ ಅನ್ನಲಾಗುತ್ತಿಲ್ಲ, ಎಂದು ಹೇಳಿ ಕಣ್ಣೊರೆಸಿಕೊಂಡರು. ಒಬ್ಬಾಕೆ ಸುಮ್ಮನೆ ಅರ್ಧ ತಾಸು ತನ್ನ ಸತ್ತ ತಂಗಿಯ ಹೆಸರು ಹೇಳುತ್ತ ಕೂತಳು. ನನ್ನ ಗಂಟಲಲ್ಲಿ ಸಮಾಧಾನದ ಮಾತು ಬಂದು ಬಂದು ಕೂಡುತ್ತಿತ್ತು. ಆಡಬಹುದಾಗಿದ್ದೂ ಆಡದ ಮಾತು. ಅವರು ನಂಬಿ ಬಂದದ್ದು ಬಾಯಿಲ್ಲದವಳ ಹತ್ತಿರ. ನಾನು ಬಾಗಿಲಿಗೆ ಕಿವಿಗೊಟ್ಟು ನಿಂತವಳ ಹಾಗಿದ್ದೆ.

ನೀಲಿ ವರ್ಗಕ್ಕೆ ಪರೀಕ್ಷೆ ಒಂದೇ: ಮೊದಲ ವಾಕ್ಯ. ತಿಂಗಳುಗಟ್ಟಲೆ ಒಂದು ನೋಟುಪುಸ್ತಕದಲ್ಲಿ ವಾಕ್ಯಗಳನ್ನು ಬರೆಯುತ್ತ, ಹೊಡೆದುಹಾಕುತ್ತ, ಕೊನೆಗೆ ಒಂದನ್ನು ಉಳಿಸಿಕೊಳ್ಳಬೇಕು. ದನಿ ಬಂದ ದಿನ ಅದು ಯಾರಿಗೆ ಸಲ್ಲಬೇಕೋ ಅವರ ಮುಂದೆ ಆಡಬೇಕು. ಇಟಗಿ ಸರ್ ಬಾಗಿಲಲ್ಲಿ ನಿಂತು ಕೇಳಿ ತಲೆಯಾಡಿಸಿದರೆ ಪಾಸು. ಸಂಕ್ರಾಂತಿ ಕಳೆದ ಮೇಲೆ ಮೆಹರು ಊಟ ಬಿಟ್ಟು ಬರೆಯತೊಡಗಿದಳು. ನನ್ನ ಪುಸ್ತಕ ಖಾಲಿಯಿತ್ತು. ಹೋಗದ ದನಿಗೆ ಬರುವ ದಿನ ಯಾವುದು? ನಾನೇ ಒಂದು ದಿನ ಗೊತ್ತುಮಾಡಬೇಕಿತ್ತು. ಅಪ್ಪನ ಮುಂದೆ ಕೂತು, ಬಂತು ಎಂದು ನಟಿಸಬೇಕಿತ್ತು. ಆಮೇಲೆ ಎಲ್ಲ ಸರಿಹೋಗುತ್ತದೆ, ಹೊಳೆ ದಾಟಿದರೆ ಮುಗಿಯಿತು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಶಿವರಾತ್ರಿಗೆ ಮುಂಚಿನ ಮಂಗಳವಾರ ನನ್ನ ಮಣೆಗೆ ಯಾರೂ ಬರಲಿಲ್ಲ. ತಾಸು ಅರ್ಧ ಸರಿದಿತ್ತು. ಇಂದುಮತಿ ಅಕ್ಕೋರು ಪಡಸಾಲೆಯ ಆ ತುದಿಯಿಂದ ನಡೆದು ಬಂದು, ಸೆರಗು ಸರಿಮಾಡಿಕೊಂಡು ನನ್ನೆದುರಿಗೆ ಕೂತರು. ಅವರ ದನಿಯನ್ನು ನಾನು ಅಷ್ಟು ಹತ್ತಿರದಿಂದ ಕೇಳಿದ್ದು ಅದೇ ಮೊದಲು. ಸ್ವಲ್ಪ ಗೊಗ್ಗರು.

"ದಾಕ್ಷಾಯಣಿ, ನಂದೂ ಒಂದು ಐತಿ. ಕೇಳು" ಅಂದರು. "ಇಪ್ಪತ್ತೆಂಟು ವರ್ಷದ ಹಿಂದ ನಾನೂ ಇದೇ ಅಂಗಳ ದಾಟಿ ಬಂದೆ. ಗೆಜ್ಜಿ ಕಟ್ಟಿಸಿಕೊಂಡು. ನನ್ನ ದನಿ ಹೋಗಿರಲಿಲ್ಲ."

ನಾನು ಅಲುಗಾಡಲಿಲ್ಲ. ನನ್ನ ಗೆಜ್ಜೆ ಮಾತ್ರ ಸಣ್ಣಗೆ ಘಲ್ ಅಂದಿತು.

"ಉಳಿದವರ ಕೈಗೆ ಸೂಜಿ ಚುಚ್ಚಿದ್ರ ಬಾಯಿ ತೆರೀತಿದ್ರು. ದನಿನೇ ಇಲ್ಲಂದ ಮ್ಯಾಲ ಬಾಯಿ ಮುಚ್ಚೂದು ಯಾಕ? ನಾ ಒಬ್ಬಾಕಿನೇ ಹಲ್ಲು ಕಚ್ಚತಿದ್ದೆ. ಯಾರೂ ನೋಡಲಿಲ್ಲ. ನೋಡಿದ್ರ ಚಲೋ ಇತ್ತು." ಅವರು ತಮ್ಮ ಅಂಗೈ ನೋಡಿಕೊಂಡರು. "ಯುಗಾದಿ ಬಂತು. ಒಂದು ದಿನಾ ನಾನೇ ಗೊತ್ತುಮಾಡಿ, ನಮ್ಮವ್ವನ ಮುಂದ ಕುಂತು 'ಅವ್ವಾ, ಬಂತು' ಅಂದೆ. ಆಕಿ ಹಿಗ್ಗಿಗೆ ಅತ್ತಳು. ಸಾಯೂ ತನಕಾ ಬಂದವರ ಮುಂದೆಲ್ಲಾ ಅದನ್ನೇ ಹೇಳಿ ಹಿಗ್ಗತಿದ್ದಳು. ಆಮ್ಯಾಲೆ ನಾ ಆಕಿಗೆ ಎಷ್ಟು ಖರೆ ಮಾತು ಹೇಳೀನಿ. ಎಲ್ಲಾ ಆ ಒಂದು ಸುಳ್ಳಿನ ಮ್ಯಾಲ ಕಟ್ಟಿದ ಗೋಡಿ. ಆಕಿ ಹೋದ ಮ್ಯಾಲ ಹೇಳಾಕ ಯಾರೂ ಉಳೀಲಿಲ್ಲ. ಅದಕ್ಕ ನಿನಗ ಹೇಳಾಕತ್ತೀನಿ."

ನೀನೂ ಹಾಗೆಯೇ ಅಲ್ಲವೇ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಅಲ್ಲವೆಂದು ತಲೆಯಾಡಿಸುವ ಧೈರ್ಯ ನನಗೆ ಬಂದುಬಿಡುತ್ತಿತ್ತೇನೋ. ಅವರು ತಮ್ಮದನ್ನು ಹೇಳಿ ಸುಮ್ಮನೆ ಕೂತರು. ನಾನು ಎಷ್ಟೋ ಬಗೆಯ ಮೌನಗಳನ್ನು ಆಮೇಲೆ ಕಂಡಿದ್ದೇನೆ. ಆಸ್ಪತ್ರೆಯ ಮೊಗಸಾಲೆಯದು, ಕಾಲೇಜಿನ ವಾಚನಾಲಯದ್ದು, ಜಗಳವಾಡಿ ಎರಡು ದಿಕ್ಕಿಗೆ ಮುಖ ಮಾಡಿದವರದು. ಅಷ್ಟು ಜಾಗ ಬಿಟ್ಟುಕೊಟ್ಟ ಮೌನವನ್ನು ಮತ್ತೆ ಕಂಡಿಲ್ಲ. ಅದರೊಳಗೆ ನನಗೆ ಲಿಲಾವಿನ ಕಟ್ಟೆ ಕಂಡಿತು, ಉಳ್ಳಾಗಡ್ಡಿ ರಾಶಿಯ ಮೇಲೆ ನಿಂತು ದರ ಕೂಗುವ ನಾನೇ ಕಂಡೆ. ಬೆಲ್ಲ ಹಂಚುವ ಅಪ್ಪ ಕಂಡ. ಈಗ ಬಾಯಿ ಬಿಟ್ಟರೆ ಎಲ್ಲ ಹೋಯಿತು. ಕಿಟಕಿಗೆ ಒದ್ದೆ ಬಟ್ಟೆ ಬಿತ್ತು. ಅಕ್ಕೋರು ಏಳಲು ಮಣೆಗೆ ಕೈಯೂರಿದರು.

"ಅಕ್ಕೋರೇ" ಅಂದೆ. ಹತ್ತಿರ ಹತ್ತಿರ ನಾಲ್ಕು ತಿಂಗಳು ಬಳಸದ ದನಿ, ಹೊಸ್ತಿಲಿಗೆ ಉಜ್ಜುವ ಬಾಗಿಲಿನ ಹಾಗೆ ಬಂತು. "ನಂದೂ ಹೋಗಿಲ್ರಿ."

ಪಡಸಾಲೆಯ ತುಂಬ ತಲೆಗಳು ತಿರುಗಿದವು. ಅಕ್ಕೋರು ಮತ್ತೆ ಕೂತು, ನನ್ನ ಎರಡೂ ಕೈ ಹಿಡಿದುಕೊಂಡರು.

ಮೂರು ಮಣೆ ಆಚೆ ಮೆಹರು ಕೂತಿದ್ದಳು. ಎದ್ದು ಬಂದಳು, ಪಾಟಿಯ ಮೇಲೆ ಬರೆದಳು. ಸಿಟ್ಟಿಗೆ ಬಳಪ ಎರಡು ತುಂಡಾಯಿತು. 'ಹಂಗಾದ್ರ ನಾ ಒಬ್ಬಾಕಿನೇ ಇದ್ದೆ.' ನನಗೆ ತೋರಿಸಿ, ಒರೆಸಿ, ತನ್ನ ಚೀಲ ತೆಗೆದುಕೊಂಡು ಬೇರೆ ಬೆಂಚಿಗೆ ಹೋದಳು.

ಇಟಗಿ ಸರ್ ಆಫೀಸಿನಲ್ಲಿ ನಾವಿಬ್ಬರೂ ನಿಂತೆವು, ನಾನೂ ಅಕ್ಕೋರೂ, ಇಬ್ಬರೂ ತಪ್ಪು ಮಾಡಿದ ಹುಡುಗಿಯರ ಹಾಗೆ. ಇಬ್ಬರೂ ತಂತಮ್ಮದನ್ನು ಹೇಳಿ ಮುಗಿಸಿದ ಮೇಲೆ ಸರ್ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಕೆಂಪು ವರ್ಗಕ್ಕೆ ಮೂವತ್ತು ವರ್ಷ ವಾಕ್ಪಟುತ್ವ ಕಲಿಸಿದವರು ಊರ ಹಿರಿಯರಿಗೆ ಎರಡೇ ಸಾಲಿನ ಚೀಟಿ ಬರೆದು ಜವಾನನ ಕೈಯಲ್ಲಿ ಕಳಿಸಿದರು. ಮರುದಿನ ಅವರೆಲ್ಲ ಶಾಲೆಯಲ್ಲಿ ಕೂಡಿದರು. ನನ್ನನ್ನು ಹೊರಗೆ ಹಾಕಬೇಕು ಅಂದರು ಕೆಲವರು. ಅಕ್ಕೋರನ್ನೂ ಬಿಡಿಸಬೇಕು ಅಂದರು ಒಬ್ಬರು. ಅಪ್ಪ ಮೂಲೆಯಲ್ಲಿ ತಲೆತಗ್ಗಿಸಿ ನಿಂತಿದ್ದ. ಆಗ ಬಾಗಿಲ ಕಡೆಯಿಂದ ಸಿದ್ರಾಮಣ್ಣನ ಗಂಟಲು ಕೇಳಿತು. ಅವರನ್ನು ಯಾರೂ ಕರೆದಿರಲಿಲ್ಲ.

"ಸರ್, ಒಂದ ಮಾತು. ನನಗ ಎರಡ ವರ್ಷ ಕೆಂಪು ವರ್ಗ ಮಾಡಿಸಿದ್ರಿ. ಮಾತಾಡೂದು ಭೇಷ್ ಕಲಿಸಿದ್ರಿ, ಅದರಾಗೇ ಹೊಟ್ಟಿ ತುಂಬಿಸ್ಕೋತೀನಿ, ಅದಕ್ಕ ನಮಸ್ಕಾರ. ಆದರ ಸುಮ್ಮನಿರೂದು ಯಾರು ಕಲಸ್ತೀರಿ ನಮಗ? ದನಿ ಹೋದವರು ಹೆಂಗೂ ಸುಮ್ಮನಿರ್ತಾರ. ಪಾಠ ಬೇಕಾಗಿದ್ದು ಹೋಗದವರಿಗಲ್ಲೇನ್ರಿ?"

ಯಾರೋ ನಕ್ಕರು. ಇಟಗಿ ಸರ್ ನಗಲಿಲ್ಲ. ಗೋಡೆಯ ವೇಳಾಪಟ್ಟಿಯನ್ನು ಮೊದಲ ಸಲ ನೋಡುವವರ ಹಾಗೆ ನೋಡುತ್ತ ಕೂತರು. ಕೊನೆಗೆ ಅಕ್ಕೋರ ಕಡೆಗೂ ಒಮ್ಮೆ ನೋಡಿ, ಅವರು ಇದ್ದಲ್ಲಿಯೇ ಇರಲಿ ಅಂದರು. ಆಮೇಲೆ ನನ್ನನ್ನು ಕರೆದರು. "ಗೆಜ್ಜಿ ಬಿಚ್ಚಿ ಇಲ್ಲಿಡು. ಯುಗಾದಿ ತನಕಾ ನೀಲಿ ವರ್ಗದಾಗ ಕೂಡು. ದನಿ ಐತಿ ಅಂತ ಎಲ್ಲಾರಿಗೂ ಗೊತ್ತಿರ್ಲಿ, ಆದರ ಅಲ್ಲಿ ಮಾತಾಡಬ್ಯಾಡ. ಅಷ್ಟೂ ಆತಂದ್ರ, ಕಡೀಕ ನಿನ್ನ ವಾಕ್ಯ ಕೇಳ್ತೀನಿ. ಆದರ ಅದಕ್ಕೂ ಮೊದಲ ಇನ್ನೊಂದೈತಿ. ನಿನ್ನ ಮುಂದ ಕುಂತು ಹೇಳಿದವರು ಎಷ್ಟು ಮಂದಿ?"

"ಹನ್ನೊಂದು ಮಂದಿ, ಸರ್."

"ಅವರ ಮನೀಗೆ ಹೋಗು. ನಿನಗ ದನಿ ಇತ್ತು ಅಂತ ನೀನೇ ಹೇಳು."

ಹನ್ನೊಂದು ಮನೆಗೆ ಹೋದೆ. ಇಬ್ಬರು ಮುಖದ ಮೇಲೆ ಬಾಗಿಲು ಹಾಕಿದರು, ಅದು ಅವರ ಹಕ್ಕು. ತಂಗಿಯನ್ನು ಕಳೆದುಕೊಂಡ ಹೆಂಗಸು ನನ್ನನ್ನು ಒಳಗೆ ಕರೆದು, "ಹಂಗಾದ್ರ ಒಮ್ಮಿ ನೀನೂ ಆಕಿ ಹೆಸರು ಅನ್ನು" ಅಂದಳು. ಅಂದೆ. ಅವಳಿಗೆ ಅಷ್ಟೇ ಬೇಕಾಗಿತ್ತು. ಹುಚ್ಚೇಸಾಬರು ಹೊಲಿಗೆಯ ಮಷೀನು ನಿಲ್ಲಿಸಿ ತಲೆ ಚಚ್ಚಿಕೊಂಡರು. "ಅಲ್ಲವಾ ಯವ್ವಾ, ಬಾಯಿದ್ದಾಕಿ ಆದ್ರ ಅವತ್ತೇ ಒಂದು ಉಪಾಯ ಹೇಳಬಾರದಿತ್ತ? ಅದಾದ ಮ್ಯಾಲ ಹದಿನಾಕು ಸಲ ಎಣಗಾಯಿ ಉಂಡೀನಿ!"

ನೀಲಿ ವರ್ಗದಲ್ಲಿ ಗೆಜ್ಜೆಯಿಲ್ಲದೆ ಕೂತೆ. ಕಳ್ಳತನದ ಮೌನ ಹೋಗಿ ಬೇರೊಂದು ಬಂತು. ಈಗ ಬಚ್ಚಿಡುವುದೇನೂ ಇರಲಿಲ್ಲ, ಆದರೂ ಸುಮ್ಮನಿದ್ದೆ. ಕೆಮ್ಮು ಬಂದರೆ ಗಿರಣಿ ಮನೆಯ ಕೆಮ್ಮನ್ನೇ ಕೆಮ್ಮಿದೆ, ಎಲ್ಲರೂ ಸದ್ದಿಲ್ಲದೆ ನಕ್ಕರು. ಮೆಹರು ನಗಲಿಲ್ಲ. ಅವಳ ಬೆನ್ನು ನೋಡುತ್ತ ನನ್ನ ಪುಸ್ತಕದ ತುಂಬ ಅವಳಿಗೇ ಸಲ್ಲುವ ವಾಕ್ಯಗಳನ್ನು ಬರೆದೆ. ತಪ್ಪಾಯಿತು ಅನ್ನುವುದನ್ನು ನಲವತ್ತು ಬಗೆಯಲ್ಲಿ ಬರೆದು ನಲವತ್ತನ್ನೂ ಹೊಡೆದುಹಾಕಿದೆ. ಅವಳ ಕೈವಾರದ ಪೆಟ್ಟಿಗೆ ನನ್ನ ಚೀಲದಲ್ಲಿ ಹಾಗೆಯೇ ಇತ್ತು. ಕೊಡಲು ಹೋದರೆ ಎಲ್ಲ ಮುಗಿದುಹೋಗುತ್ತದೇನೋ ಅನ್ನಿಸಿ ಇಟ್ಟುಕೊಂಡೇ ಇದ್ದೆ.

ಹೋಳಿಯ ನಂತರ ದನಿಗಳು ಬರತೊಡಗಿದವು. ಒಬ್ಬ ಹುಡುಗ ತನ್ನ ಅಜ್ಜನ ಮುಂದೆ, ಒಬ್ಬಳು ತಾನು ಹೆದರುತ್ತಿದ್ದ ಚಿಕ್ಕಪ್ಪನ ಮುಂದೆ, ತಿಂಗಳುಗಟ್ಟಲೆ ತೂಗಿ ಉಳಿಸಿದ ವಾಕ್ಯವನ್ನು ಹೇಳಿ ಅತ್ತರು, ನಕ್ಕರು. ಯುಗಾದಿಗೆ ನಾಲ್ಕು ದಿನ ಇರುವಾಗ ನಳದ ಹತ್ತಿರ ಕೈ ತೊಳೆಯುತ್ತಿದ್ದೆ. ಯಾರೋ ಜಡೆ ಹಿಡಿದು ಎಳೆದರು. ತಿರುಗಿದರೆ ಮೆಹರು. ಮುಖ ಕೆಂಪಾಗಿತ್ತು. ಹಿಂದೆ ಬಾಗಿಲಲ್ಲಿ ಇಟಗಿ ಸರ್, ಅವರ ಪಕ್ಕ ಇಂದುಮತಿ ಅಕ್ಕೋರು. ಮೆಹರುವಿನ ಕೈಯಲ್ಲಿ ಅವಳ ನೋಟುಪುಸ್ತಕ ಇರಲಿಲ್ಲ.

"...ಕೊಡೂದು ಯಾವಾಗ?" ಅಂದಳು.

ಶ್ರಾವಣದಲ್ಲಿ ನಿಂತ ಮಾತು ಚೈತ್ರದ ಬಾಗಿಲಲ್ಲಿ ಪೂರ್ತಿಯಾಯಿತು. ಇಟಗಿ ಸರ್ ನಿಧಾನವಾಗಿ ತಲೆಯಾಡಿಸಿದರು. ಮರುವರ್ಷದ ವೇಳಾಪಟ್ಟಿಯಲ್ಲಿ ಅವರು ಹಸಿರು ಶಾಯಿಯಲ್ಲಿ ಒಂದು ಸಾಲು ಸೇರಿಸಿದರು, ದನಿ ಹೋಗದವರೂ ಅಂಗಳ ದಾಟಬಹುದೆಂದು. ಆ ವರ್ಷ ನೀಲಿ ವರ್ಗದ ಹಿಂದಿನ ಬೆಂಚಿನಲ್ಲಿ ಸಿದ್ರಾಮಣ್ಣ ಮೊಣಕಾಲು ಮಡಚಲಾಗದೆ ಓರೆಯಾಗಿ ಕೂತಿದ್ದರು. ಹೊಳೆ ದಾಟುವ ಮೊದಲು ನಾನೇ ಕಿಟಕಿಯಿಂದ ನೋಡಿ ಬಂದೆ.

ಆದರೆ ಆ ದಿನ, ನಳದ ಹತ್ತಿರ, ನನ್ನ ಸರದಿಯೂ ಬಂದಿತ್ತು; ಸರ್ ನನ್ನ ಕಡೆಗೂ ನೋಡುತ್ತಿದ್ದರು. ಹೊಡೆದುಹಾಕಿದ ನಲವತ್ತು ವಾಕ್ಯಗಳಲ್ಲಿ ಒಂದಾದರೂ ನೆನಪಾಗಬೇಕಲ್ಲ. ಒದ್ದೆ ಕೈಯಿಂದಲೇ ಚೀಲಕ್ಕೆ ಕೈಹಾಕಿ ಪೆಟ್ಟಿಗೆ ತೆಗೆದು ಅವಳ ಮುಂದೆ ಹಿಡಿದೆ. ಅವಳು ಮುಚ್ಚಳ ತೆರೆದು ಕೈವಾರದ ಮುಳ್ಳು ನೆಟ್ಟಗಿದೆಯೇ ಎಂದು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಬಾಗಿಲಲ್ಲಿ ಇಟಗಿ ಸರ್ ಇನ್ನೊಮ್ಮೆ ತಲೆಯಾಡಿಸಿದರು, ಇಂದುಮತಿ ಅಕ್ಕೋರು ನಗುತ್ತಿದ್ದರು. ಅಕ್ಕೋರ ನಗು ಯಾಕೆಂದು ತಿಳಿಯಲು ನನಗೆ ಒಂದು ಗಳಿಗೆ ಬೇಕಾಯಿತು. ಗಿರಣಿ ಮನೆಯ ಮಗಳು ಒಂದು ಸದ್ದೂ ಇಲ್ಲದೆ ನಿಂತಿದ್ದೆ, ಈ ಸಲ ಹಲ್ಲು ಕಚ್ಚಿರಲಿಲ್ಲ, ನನ್ನ ಬಾಯಿ ತೆರೆದೇ ಇತ್ತು.